ಠೇವಣಿ ಉಳಿಯಿತೇ, ಹೋಯಿತೇ?

ಓದುಗರ ಪ್ರಶ್ನೆ: ವಿಧಾನಸಭಾ ಕ್ಷೇತ್ರವೊಂದರಲ್ಲಿ 1,51,800 ಮತ ಬಿದ್ದಿವೆ ಎಂದುಕೊಳ್ಳಿ. ಅದರಲ್ಲಿ ನೋಟಾ 1,500, ತಿರಸ್ಕೃತ ಅಂಚೆ ಮತ 300. ಮೂರನೇ ಸ್ಥಾನದವರಿಗೆ 25,100. ಠೇವಣಿ ಉಳಿಸಿಕೊಳ್ಳಲು ಬೇಕಾದ ಆರರಲ್ಲಿ ಒಂದು ಪಾಲು ಅಂದರೆ 25,300. ಹಾಗಾದರೆ ಠೇವಣಿ ಹೋಯಿತಲ್ಲವೇ? ಗೆಳೆಯ ಒಪ್ಪುತ್ತಿಲ್ಲ. ಹೋದ ಹಣ ಯಾರಿಗೆ ಸೇರುತ್ತದೆ?

ಸಂಪಾದಕರ ಉತ್ತರ: ಗೆಳೆಯರೇ ಸರಿ. ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ, ಭಾಗಿಸಲು ಹಿಡಿದ ಮೊತ್ತದಲ್ಲಿದೆ. ಠೇವಣಿಯ ಲೆಕ್ಕ ನಡೆಯುವುದು ಅಭ್ಯರ್ಥಿಗಳಿಗೆ ಬಿದ್ದ ಸಿಂಧು ಮತಗಳ ಮೇಲೆ. ನೋಟಾ, ತಿರಸ್ಕೃತ ಮತ ಎರಡನ್ನೂ ಕಳೆದರೆ ಉಳಿಯುವುದು 1,50,000. ಅದರ ಆರನೇ ಒಂದು ಪಾಲು 25,000. ನೂರು ಮತಗಳ ಅಂತರದಲ್ಲಿ ಠೇವಣಿ ಉಳಿಯಿತು. ಆದರೆ ಸರಿಯಾಗಿ 25,000 ಬಂದಿದ್ದರೆ ಹೋಗುತ್ತಿತ್ತು. ಪಾಲನ್ನು ಮುಟ್ಟಿದರೆ ಸಾಲದು, ಮೀರಬೇಕು ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 158ನೇ ಕಲಂ. ಗೆದ್ದವರಿಗೆ ಈ ಮಿತಿ ಇಲ್ಲ.

ಮುಟ್ಟುಗೋಲಾದ ಹಣ ಪಕ್ಷಕ್ಕೂ ಇಲ್ಲ, ಆಯೋಗಕ್ಕೂ ಇಲ್ಲ. ವಿಧಾನಸಭೆಯದು ರಾಜ್ಯ ಸರ್ಕಾರಕ್ಕೆ, ಲೋಕಸಭೆಯದು ಕೇಂದ್ರಕ್ಕೆ.

ಈಗಿನ ದರ ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಸಾಮಾನ್ಯ ಕ್ಷೇತ್ರದಲ್ಲಿ ನಿಂತರೂ ಅರ್ಧವೇ. ಇದನ್ನು ಮೀಸಲು ಕ್ಷೇತ್ರದ ರಿಯಾಯಿತಿ ಎಂದುಕೊಂಡವರು ಬಹಳ. 1996ರವರೆಗೆ ಲೋಕಸಭೆಗೆ 500, ವಿಧಾನಸಭೆಗೆ 250 ಇತ್ತು. ಆ ವರ್ಷ ಬೆಳಗಾವಿ ಲೋಕಸಭಾ ಕಣದಲ್ಲಿ 456 ಮಂದಿ, ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕಣದಲ್ಲಿ 1,033 ಮಂದಿ! ಅದೇ ವರ್ಷ ದರ 10,000 ಮತ್ತು 5,000ಕ್ಕೆ ಏರಿತು.

ಹಣವನ್ನು ಚುನಾವಣಾಧಿಕಾರಿಗೆ ನಗದಾಗಿ ಕೊಡಬಹುದು, ಇಲ್ಲವೇ ಖಜಾನೆಗೆ ಕಟ್ಟಿ ರಸೀದಿಯನ್ನು ನಾಮಪತ್ರದ ಜೊತೆ ಲಗತ್ತಿಸಬಹುದು. ಚೆಕ್ ನಡೆಯುವುದಿಲ್ಲ. ಕೊನೆಯ ದಿನ ಮಧ್ಯಾಹ್ನ 3 ಗಂಟೆಗೆ ಗಡುವು ಮುಗಿಯುತ್ತದೆ. ಆಮೇಲೆ ಹಣ ತರುತ್ತೇನೆ ಎಂದರೆ ಪರಿಶೀಲನೆಯಲ್ಲಿ ನಾಮಪತ್ರ ಬಿದ್ದುಹೋಗುತ್ತದೆ. ಒಂದೇ ಕ್ಷೇತ್ರಕ್ಕೆ ನಾಲ್ಕು ನಾಮಪತ್ರ ಹಾಕಿದರೂ ಠೇವಣಿ ಒಂದೇ.

ಎರಡು ಕ್ಷೇತ್ರದಲ್ಲಿ ನಿಲ್ಲುವವರ ಕಥೆ ಬೇರೆ. ಸಾರ್ವತ್ರಿಕ ಚುನಾವಣೆಯಲ್ಲಿ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ನಿಂತು ಎರಡನ್ನೂ ಗೆದ್ದರೂ ಒಂದೇ ಠೇವಣಿ ವಾಪಸು, ಇನ್ನೊಂದು ಸರ್ಕಾರಕ್ಕೆ.

ಉಮೇದುವಾರಿಕೆ ಹಿಂಪಡೆದವರಿಗೆ, ನಾಮಪತ್ರ ತಿರಸ್ಕೃತವಾದವರಿಗೆ ಹಣ ಮರಳುತ್ತದೆ. ಮತದಾನ ಶುರುವಾಗುವ ಮುನ್ನ ಅಭ್ಯರ್ಥಿ ತೀರಿಕೊಂಡರೂ ಅಷ್ಟೇ. ಮರಳಿಸುವುದು ಹಣ ಕಟ್ಟಿದವರಿಗೆ ಅಥವಾ ಅವರ ವಾರಸುದಾರರಿಗೆ. ಆದ್ದರಿಂದ ರಸೀದಿ ಯಾರ ಹೆಸರಿನಲ್ಲಿದೆ ಎಂದು ಕಟ್ಟುವಾಗಲೇ ನೋಡಿಕೊಳ್ಳಲಿ.