ಹಸಿದು ದಂಡಿಗೆ ಸೇರಿದವರ ಚರಿತ್ರೆ

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಮಂಗಳೂರು ಮುತ್ತಿಗೆಯ ಲೇಖನವನ್ನು ಓದಿ ಪುತ್ತೂರಿನ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. 1783ರಲ್ಲಿ ಟಿಪ್ಪು ಮುತ್ತಿದ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ ಬ್ರಿಟಿಷ್ ಸೈನ್ಯದ ಸ್ಕಾಟಿಷ್ ಸೈನಿಕರ ಹಸಿವು, ಕಾಯಿಲೆಗಳ ವರ್ಣನೆಗೆ ಅಷ್ಟೊಂದು ಜಾಗ ಕೊಟ್ಟಿದ್ದು ಅವರಿಗೆ ಸರಿಬಂದಿಲ್ಲ. "ನಮ್ಮ ನೆಲವನ್ನು ದೋಚಲು ಬಂದ ಬ್ಲ್ಯಾಕ್ ವಾಚ್ ರೆಜಿಮೆಂಟಿನ ಕಷ್ಟಸುಖ ಕನ್ನಡದ ಓದುಗನಿಗೆ ಏಕೆ ಬೇಕು? ಅವರ ಚರಿತ್ರೆಯನ್ನು ಅವರೇ ಬರೆದುಕೊಳ್ಳಲಿ" ಎಂದು ಕೇಳಿದ್ದಾರೆ. ಆ ರೆಜಿಮೆಂಟು ಈಗಲೂ ಇದೆಯೇ ಎಂಬ ಪ್ರಶ್ನೆಯೂ ಪತ್ರದಲ್ಲಿದೆ.

ಸಂಪಾದಕರ ಉತ್ತರ:

ಮಾನ್ಯರೇ, ಸಿಟ್ಟಿನಲ್ಲಿಯೂ ಒಂದು ಕಾಗುಣಿತ ತಪ್ಪದೆ ಬರೆಯುವ ನಿಮ್ಮಂಥ ಓದುಗರು ನಮ್ಮ ಭಾಗ್ಯ. ಅವರು ದೋಚಲು ಬಂದರು ಎಂಬ ನಿಮ್ಮ ಮಾತಿನಲ್ಲಿ ನನಗೆ ತಕರಾರಿಲ್ಲ. 1783ರ ಜನವರಿಯಲ್ಲಿ ಬಿದನೂರು ಕೈವಶವಾದೊಡನೆ ಅಲ್ಲಿನ ಖಜಾನೆಯ ಹಂಚಿಕೆಗಾಗಿ ಇಂಗ್ಲಿಷರ ಸೇನಾಪತಿ ಜನರಲ್ ಮ್ಯಾಥ್ಯೂಸ್ ಮತ್ತು ಅವನ ಅಧಿಕಾರಿಗಳು ಬಹಿರಂಗವಾಗಿ ಕಚ್ಚಾಡಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ನಡೆದ ಲೂಟಿಯ ಸಾಮಾನು ಇಂದಿಗೂ ಲಂಡನ್ನಿನ ಗಾಜಿನ ಪೆಟ್ಟಿಗೆಗಳಲ್ಲಿ ಕುಳಿತಿದೆ. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ. ನೀವು ಮುಚ್ಚಬೇಕೆನ್ನುವ ಬಾಗಿಲನ್ನು ತೆರೆದಿಡಬೇಕೆಂದು ನಾನು ಈ ಪತ್ರಿಕೆಯಲ್ಲಿ ಬಹಳ ಕಾಲದಿಂದ ವಾದಿಸುತ್ತಾ ಬಂದಿದ್ದೇನೆ.

ಬ್ಲ್ಯಾಕ್ ವಾಚ್ ಎಂದೊಡನೆ ಜನಕ್ಕೆ ನೆನಪಾಗುವುದು ಕಿಲ್ಟು, ಬ್ಯಾಗ್‌ಪೈಪು, ಟೋಪಿಯ ಮೇಲಿನ ಕೆಂಪು ಗರಿ, 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಅಂತ್ಯಯಾತ್ರೆಯಲ್ಲಿ ಪೈಪು ನುಡಿಸಿದ ತಂಡ. ಆ ರೆಜಿಮೆಂಟು ಹುಟ್ಟಿದ ಬಗೆಯನ್ನು ಕೇಳಿ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸಿನಲ್ಲಿ 1715ರಲ್ಲಿ ಬ್ರಿಟನ್ನಿನ ರಾಜನ ವಿರುದ್ಧ ದಂಗೆ ನಡೆದಿತ್ತು. ಆ ಸೀಮೆಯ ಮೇಲೆ ಕಣ್ಣಿಡಲು 1725ರಲ್ಲಿ ಬ್ರಿಟಿಷ್ ಸೈನ್ಯದ ಜನರಲ್ ವೇಡ್ ಆರು ತುಕಡಿಗಳನ್ನು ಕಟ್ಟಿದ. ಕ್ಯಾಂಪ್‌ಬೆಲ್, ಗ್ರಾಂಟ್, ಫ್ರೇಸರ್, ಮನ್ರೋ ಮುಂತಾದ ರಾಜನಿಷ್ಠ ಕುಲಗಳಿಂದಲೇ ಆಳುಗಳನ್ನು ಆರಿಸಿದ. ಅಂದರೆ ನೆರೆಮನೆಯವನನ್ನು ಕಾಯಲು ನೆರೆಮನೆಯವನನ್ನೇ ನಿಲ್ಲಿಸಿದ. ಅದೇ ಕಾಲಕ್ಕೆ ಬೆಟ್ಟಸೀಮೆಯವರು ಆಯುಧ ಹಿಡಿಯುವುದನ್ನು ಕಾನೂನು ನಿಷೇಧಿಸಿತ್ತು. ಕತ್ತಿಯನ್ನು ಮಾನವಾಗಿ ಸೊಂಟಕ್ಕೆ ಕಟ್ಟಿಕೊಳ್ಳಲು ಉಳಿದ ದಾರಿ ಸರ್ಕಾರದ ಈ ತುಕಡಿಗಳೇ. 1739ರಲ್ಲಿ ಇವನ್ನು ಕೂಡಿಸಿ ಪೂರ್ಣ ರೆಜಿಮೆಂಟು ಮಾಡುವ ಆಜ್ಞೆಯಾಯಿತು. ಮರುವರ್ಷದ ಮೇ ತಿಂಗಳಲ್ಲಿ ಟೇ ನದಿಯ ದಂಡೆಯ ಆಬರ್‌ಫೆಲ್ಡಿಯಲ್ಲಿ ಅದು ಮೊದಲ ಬಾರಿಗೆ ಸಾಲುಗೂಡಿ ನಿಂತಿತು. ಮುಂದೆ ಅದಕ್ಕೆ 42 ಎಂಬ ಸಂಖ್ಯೆ ಬಂತು.

ಮೂರೇ ವರ್ಷದಲ್ಲಿ ಏನಾಯಿತು ನೋಡಿ. ಊರು ಕಾಯುವ ಕೆಲಸವೆಂದು ನಂಬಿ ಸೇರಿದ್ದ ಇವರನ್ನು 1743ರಲ್ಲಿ ಲಂಡನ್ನಿಗೆ ನಡೆಸಿಕೊಂಡು ಹೋದರು. ಅಲ್ಲಿಂದ ವೆಸ್ಟ್ ಇಂಡೀಸಿಗೆ ಹಡಗು ಹತ್ತಿಸುತ್ತಾರೆಂಬ ಸುದ್ದಿ ಹಬ್ಬಿತು. ಆ ಕಾಲದಲ್ಲಿ ವೆಸ್ಟ್ ಇಂಡೀಸಿಗೆ ಹೋಗುವುದೆಂದರೆ ಜ್ವರದಲ್ಲಿ ಸಾಯಲು ಹೋಗುವುದು. ನೂರಕ್ಕೂ ಹೆಚ್ಚು ಮಂದಿ ರಾತ್ರೋರಾತ್ರಿ ಊರ ಕಡೆ ಹೊರಟರು. ನಾರ್ಥಾಂಪ್ಟನ್‌ಶೈರಿನ ಒಂದು ಕಾಡಿನಲ್ಲಿ ಕುದುರೆ ಸವಾರರು ಅವರನ್ನು ಸುತ್ತುಗಟ್ಟಿದರು. ಅವರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷು ತಿಳಿಯದು, ಬೆಟ್ಟಸೀಮೆಯ ನುಡಿಯಾದ ಗೇಲಿಕ್ ಮಾತ್ರ ಗೊತ್ತು. ಇಂಗ್ಲಿಷಿನಲ್ಲಿ ವಿಚಾರಣೆಯಾಯಿತು. ಜುಲೈ ತಿಂಗಳಲ್ಲಿ ಸ್ಯಾಮ್ಯುಯೆಲ್ ಮ್ಯಾಕ್‌ಫರ್ಸನ್, ಮಾಲ್ಕಮ್ ಮ್ಯಾಕ್‌ಫರ್ಸನ್, ಫಾರ್ಕರ್ ಷಾ ಎಂಬ ಮೂವರನ್ನು ಟವರ್ ಆಫ್ ಲಂಡನ್ನಿನ ಆವರಣದಲ್ಲಿ ಗುಂಡಿಟ್ಟು ಕೊಂದರು. ಉಳಿದವರನ್ನು ದೂರದ ಠಾಣ್ಯಗಳಿಗೆ ಹಂಚಿದರು. ಅವರಲ್ಲಿ ಕೆಲವರು ಹೋಗಿ ಬಿದ್ದದ್ದು ಅದೇ ವೆಸ್ಟ್ ಇಂಡೀಸಿಗೆ.

ಈ ಮೂವರ ಹೆಸರನ್ನು ಬೇಕೆಂದೇ ಪೂರ್ತಿಯಾಗಿ ಬರೆದಿದ್ದೇನೆ. ಸಾಮಾನ್ಯ ಸಿಪಾಯಿಯ ಹೆಸರು ಉಳಿಯಬೇಕು ಎಂಬುದೇ ನನ್ನ ಹಟ.

1746ರಲ್ಲಿ ಕಲೋಡನ್ನಿನಲ್ಲಿ ಕುಲಗಳ ಕೊನೆಯ ದಂಗೆ ಮುರಿದುಬಿದ್ದ ಮೇಲೆ ಬೆಟ್ಟಸೀಮೆಯ ಉಡುಪನ್ನೇ ಸಂಸತ್ತು ನಿಷೇಧಿಸಿತು. ಆ ನಿಷೇಧ 1782ರವರೆಗೆ ನಡೆಯಿತು. ಅಷ್ಟು ವರ್ಷವೂ ಕಿಲ್ಟು ಉಡಲು ಅನುಮತಿ ಇದ್ದದ್ದು ಬ್ರಿಟಿಷ್ ಸೈನ್ಯದಲ್ಲಿದ್ದವರಿಗೆ ಮಾತ್ರ. ಅಪ್ಪನ ಉಡುಗೆ ಉಡಬೇಕೆಂದರೆ ಅಪ್ಪನನ್ನು ಸೋಲಿಸಿದವನ ಸೈನ್ಯಕ್ಕೆ ಸೇರಬೇಕು! ಮುಂದೆ ಜನರಲ್ ಆದ ಬ್ರಿಟಿಷ್ ಅಧಿಕಾರಿ ವುಲ್ಫ್ 1751ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಇವರು ಗಟ್ಟಿ ಆಳುಗಳು, ಸತ್ತರೂ ದೊಡ್ಡ ನಷ್ಟವಿಲ್ಲ ಎಂಬ ಅರ್ಥದ ಮಾತಿದೆ. ಏಳು ವರ್ಷಗಳ ನಂತರ, 1758ರ ಜುಲೈ 8ರಂದು ಅಮೆರಿಕದ ಟಿಕಾಂಡರೋಗ ಕೋಟೆಯ ಮುಂದೆ ಕಡಿದು ಹಾಕಿದ ಮರಗಳ ರಾಶಿಯನ್ನು ದಾಟಲು ಹೋಗಿ ಈ ರೆಜಿಮೆಂಟಿನ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಮಧ್ಯಾಹ್ನ ಸತ್ತರು ಇಲ್ಲವೇ ಗಾಯಗೊಂಡರು.

ಇನ್ನು ಹೆಕ್ಟರ್ ಮನ್ರೋನ ವಿಷಯ. ಈ ಹೆಸರು ನಮಗೆ ಹೊಸದಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಕರ್ನಲ್ ಬೇಲಿಯ ದಂಡನ್ನು ನಿರ್ನಾಮ ಮಾಡುತ್ತಿದ್ದಾಗ, ಕೂಗಳತೆಯ ಕಾಂಚೀಪುರದಲ್ಲಿ ದೊಡ್ಡ ಸೈನ್ಯ ಇಟ್ಟುಕೊಂಡು ಸಮಯಕ್ಕೆ ಒದಗದೆ, ಭಾರದ ಫಿರಂಗಿಗಳನ್ನು ಕೆರೆಗೆ ನೂಕಿ ಮದ್ರಾಸಿಗೆ ಹಿಂದಿರುಗಿದ ಸೇನಾಪತಿ ಇವನೇ. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನೀವೂ ನೋಡಿರುತ್ತೀರಿ. 1787ರಲ್ಲಿ ಈತ 42ನೇ ರೆಜಿಮೆಂಟಿನ ಕರ್ನಲ್ ಆದ. ಊರಿನಲ್ಲಿ ಈತ ದೊಡ್ಡ ಜಮೀನುದಾರ. ಆ ಹೊತ್ತಿಗೆ ಹೈಲ್ಯಾಂಡ್ಸಿನ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿ ಕುರಿ ಸಾಕಲು ತೊಡಗಿದ್ದರು, ಉಣ್ಣೆಯಿಂದ ಬರುವ ಹಣ ಗೇಣಿಗಿಂತ ಹೆಚ್ಚಾಗಿತ್ತು. 1792ರಲ್ಲಿ ರಾಸ್ ಸೀಮೆಯ ರೈತರು ಸಾವಿರಾರು ಕುರಿಗಳನ್ನು ಒಟ್ಟುಗೂಡಿಸಿ ತಮ್ಮ ಸೀಮೆಯಿಂದಾಚೆಗೆ ಹೊಡೆದುಕೊಂಡು ಹೊರಟರು. ಅವರನ್ನು ಅಡಗಿಸಲು ಕಳುಹಿಸಿದ್ದು ಇದೇ 42ನೇ ರೆಜಿಮೆಂಟಿನ ತುಕಡಿಗಳನ್ನು, ಮನ್ರೋನ ಜೊತೆಯಲ್ಲಿ. ಒಕ್ಕಲಿನ ಮಗನ ಕೈಯಲ್ಲಿ ಬಂದೂಕು ಕೊಟ್ಟು ಒಕ್ಕಲಿನ ಎದುರಿಗೇ ನಿಲ್ಲಿಸಿದ ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ವರ್ಷದ ಕೊನೆಗೆ ಬಂಗಾಳದ ಸಾಗರ ದ್ವೀಪದಲ್ಲಿ ಮನ್ರೋನ ಮಗನನ್ನು ಹುಲಿ ಕೊಂದಿತು. ಟಿಪ್ಪುವಿನ ಪ್ರಸಿದ್ಧ ಯಂತ್ರದ ಹುಲಿಗೆ ಆ ಸಾವೇ ಪ್ರೇರಣೆಯೆಂದು ಹಲವರು ನಂಬಿದ್ದಾರೆ.

ಈಗ ಮಂಗಳೂರಿಗೆ ಬರೋಣ. ಕೋಟೆಯೊಳಗಿದ್ದದ್ದು 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್. 1786ರಲ್ಲಿ ಅದೇ 73ನೇ ರೆಜಿಮೆಂಟ್ ಆಯಿತು. 1780ರಲ್ಲಿ ಪರ್ತ್ ಪಟ್ಟಣದಲ್ಲಿ ಸೇರಿದ ಹುಡುಗರು, ಮರುವರ್ಷ ಹಡಗು ಹತ್ತಿ 1782ರಲ್ಲಿ ಬೊಂಬಾಯಿ ಮುಟ್ಟಿದರು. ದಾರಿಯಲ್ಲೇ ಕಾಯಿಲೆಗೆ ಎಷ್ಟೋ ಮಂದಿ ಹೋದರು. ಪೊನ್ನಾನಿಯಲ್ಲಿ ಟಿಪ್ಪುವನ್ನು ಎದುರಿಸಿದರು. ಕೆಲವೇ ದಿನಗಳಲ್ಲಿ ಹೈದರ್ ತೀರಿಕೊಂಡ ಸುದ್ದಿ ಬಂದು ಟಿಪ್ಪು ಹಿಂದಿರುಗಿದ. 1783ರ ಮೇ ತಿಂಗಳಿಂದ ಮಂಗಳೂರಿನ ಮುತ್ತಿಗೆ. ಕೋಟೆಯ ಮುಖಂಡ ಜಾನ್ ಕ್ಯಾಂಪ್‌ಬೆಲ್. ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾದ ಸುದ್ದಿ ತಲುಪಿ, ಟಿಪ್ಪುವಿನ ಕಡೆಯಿದ್ದ ಫ್ರೆಂಚರು ಕೈಚೆಲ್ಲಿದರು. ಆಗಸ್ಟ್ 2ರಂದು ಕದನವಿರಾಮವಾಯಿತು. ಆದರೆ ಮುತ್ತಿಗೆ ಸಡಿಲವಾಗಲಿಲ್ಲ. ಮಳೆಗಾಲದ ಕರಾವಳಿ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಧಾನ್ಯ ಮುಗಿಯಿತು, ಹಸಿ ತರಕಾರಿ, ಹಣ್ಣು ಸಿಗದೆ ಬರುವ ಸ್ಕರ್ವಿ ರೋಗ ಹಿಡಿಯಿತು, 1784ರ ಜನವರಿ 30ರಂದು ಕೋಟೆ ಬಿಟ್ಟುಕೊಟ್ಟು ಬದುಕುಳಿದವರು ಗೌರವದೊಂದಿಗೆ ಹೊರಬಂದರು. ಕ್ಯಾಂಪ್‌ಬೆಲ್ ಎರಡು ತಿಂಗಳೊಳಗೆ ಬೊಂಬಾಯಿಯಲ್ಲಿ ತೀರಿಕೊಂಡ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಟಿಪ್ಪು ಗೆದ್ದವನ ಸ್ಥಾನದಲ್ಲಿ ಕುಳಿತು ಮಾಡಿಕೊಂಡ ಒಪ್ಪಂದ ಅದು, ನಾವು ಹೆಮ್ಮೆಪಡುವುದು ನ್ಯಾಯವೇ.

ಆದರೆ ಮಾನ್ಯರೇ, ಆ ಕೋಟೆಯೊಳಗೆ ಸ್ಕಾಟರು ಅಲ್ಪಸಂಖ್ಯಾತರು ಎಂಬುದನ್ನು ನಿಮ್ಮ ಪತ್ರ ಮರೆತಿದೆ. ಅವರಿಗಿಂತ ಎಷ್ಟೋ ಪಾಲು ಹೆಚ್ಚಿದ್ದವರು ಬೊಂಬಾಯಿಯ ಸಿಪಾಯಿಗಳು, ನಮ್ಮ ದೇಶದವರು. ಹಸಿದು ಸತ್ತವರಲ್ಲಿ ಅವರೂ ಇದ್ದರು. 'ಮಂಗಳೂರು' ಎಂಬ ಯುದ್ಧ ಗೌರವ ಬ್ಲ್ಯಾಕ್ ವಾಚ್‌ಗೆ ಸಿಕ್ಕಂತೆಯೇ ಬೊಂಬಾಯಿ ಗ್ರೆನೇಡಿಯರ್ಸ್ ಪಡೆಗೂ ಸಿಕ್ಕಿತು. ಕೋಟೆಯ ಹೊರಗೆ ಕಂದಕ ತೋಡಿದವರು, ಮಣ್ಣು ಹೊತ್ತವರು, ಗುಂಡಿಗೆ ಎದೆಕೊಟ್ಟವರು ಮೈಸೂರು ಸೀಮೆಯ ಕಂದಾಚಾರವೆಂಬ ನಾಡಪಡೆಯ ಬಂಟರು, ಬೇಡರು, ಎತ್ತಿನ ಗಾಡಿಯವರು. ಮುತ್ತಿಗೆ ಮುಗಿದ ಬೆನ್ನಿಗೇ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊತ್ತು ಶ್ರೀರಂಗಪಟ್ಟಣಕ್ಕೆ ನಡೆಯಬೇಕಾದ ಕರಾವಳಿಯ ಕ್ಯಾಥೊಲಿಕ್ ಸಂಸಾರಗಳಿವೆ. ಇವರಲ್ಲಿ ನಾಲ್ಕು ಜನರ ಹೆಸರನ್ನು ಹೇಳಿ ಎಂದರೆ ನಾನೂ ನೀವೂ ತಡವರಿಸುತ್ತೇವೆ. ಜಾನ್ ಕ್ಯಾಂಪ್‌ಬೆಲ್ ಸ್ಟೋನ್‌ಫೀಲ್ಡಿನ ನ್ಯಾಯಾಧೀಶರ ಮಗ ಎಂಬುದು ಮಾತ್ರ ಪುಸ್ತಕದಲ್ಲಿದೆ.

ಅವರ ಚರಿತ್ರೆಯನ್ನು ಅವರೇ ಬರೆದುಕೊಳ್ಳಲಿ ಎಂದಿರಿ. ಬರೆದುಕೊಂಡಿದ್ದಾರೆ. ಕುಂಟುತ್ತಾ ಊರಿಗೆ ಮರಳಿದ ಮುದಿ ಸೈನಿಕರನ್ನು ಕೇಳಿ ಕೇಳಿ ಬರೆದರು, ಹಾಜರಿ ಪಟ್ಟಿಗಳನ್ನು ಇಲಿಗೆ ಸಿಗದಂತೆ ಇಟ್ಟರು. ನಮ್ಮದನ್ನು ನಾವು ಬರೆದುಕೊಂಡಿದ್ದೇವೆಯೇ? ನಮ್ಮ ಶಾಲೆಯ ಪುಸ್ತಕಗಳಲ್ಲಿ ದೊರೆ ಗೆಲ್ಲುತ್ತಾನೆ, ದೊರೆ ಸೋಲುತ್ತಾನೆ. ದಂಡಿನಲ್ಲಿ ಯಾರಿದ್ದರು, ಯಾವ ಊರಿನವರು, ಸಂಬಳವೆಷ್ಟು, ಹಿಂದಿರುಗಿದಾಗ ಹೊಲ ಯಾರ ಪಾಲಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂದು ವರ್ಷಕ್ಕೊಮ್ಮೆ ಬೀದಿಗಿಳಿಯುವವರಲ್ಲಿ ಒಬ್ಬರಾದರೂ ಅವನ ಸೈನಿಕನೊಬ್ಬನ ಮನೆತನವನ್ನು ಹುಡುಕಿದ್ದನ್ನು ನಾನು ಕಾಣೆ.

ಈ ಮರೆವು ನಮ್ಮ ಹುಟ್ಟುಗುಣವಲ್ಲ. ಊರ ದನ ಬಿಡಿಸಲು ಹೋಗಿ ಸತ್ತವನ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದ ನಾಡು ಇದು. ಬೇಗೂರಿನ ಸಾವಿರ ವರ್ಷದಾಚೆಗಿನ ಶಾಸನ ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಶೆಟ್ಟಿ ಸತ್ತನೆಂದು ಹೇಳುತ್ತದೆ. ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಮಣಲೇರನೆಂಬ ವೀರನ ನಾಯಿ ಕಾಳಿಯ ಹೆಸರಿದೆ. ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ನಾಯಿಯ ಹೆಸರನ್ನು ಉಳಿಸಿದ ಜನ ನಾವು! ಅಂಥವರು ಇಂದು ವೀರಗಲ್ಲುಗಳನ್ನು ಏನು ಮಾಡುತ್ತಿದ್ದೇವೆ? ಮಲೆನಾಡಿನ ಒಂದು ಊರಿನಲ್ಲಿ ಅದನ್ನು ಮೋರಿಗೆ ಹಾಸಿದ್ದನ್ನು ನಾನೇ ಕಂಡಿದ್ದೇನೆ. ಅಕ್ಷರವಿದ್ದ ಮುಖವೇ ಮೇಲೆ, ಅದರ ಮೇಲೆ ಟ್ರ್ಯಾಕ್ಟರಿನ ಚಕ್ರದ ಗುರುತು. ಸರ್ಕಾರದ ಅನುದಾನ ಪ್ರತಿಮೆಗೆ ಸಿಗುತ್ತದೆ, ಜಯಂತಿಗೆ ಸಿಗುತ್ತದೆ, ಕಲ್ಲನ್ನು ಎತ್ತಿ ನೆಟ್ಟಗೆ ನಿಲ್ಲಿಸಲು ಸಿಗುವುದಿಲ್ಲ. ವಿಶ್ವವಿದ್ಯಾಲಯದ ಹುಡುಗರಿಗೆ ಹಳೆಯ ದಾಖಲೆಗಳ ಮೋಡಿ ಲಿಪಿ, ಪಾರಸಿ ಕಲಿಸುವವರಿಲ್ಲ. ದಫ್ತರಗಳು ಕಟ್ಟು ಬಿಚ್ಚದೆ ಪುಡಿಯಾಗುತ್ತಿವೆ.

1918ರ ಸೆಪ್ಟೆಂಬರಿನಲ್ಲಿ ಮೈಸೂರಿನ ಲ್ಯಾನ್ಸರುಗಳು ಹೈಫಾ ಪಟ್ಟಣಕ್ಕೆ ನುಗ್ಗಿದ ಕಥೆ ನಿಮಗೆ ಪ್ರಿಯವೆಂದು ನಿಮ್ಮ ಹಿಂದಿನ ಪತ್ರಗಳಿಂದ ಬಲ್ಲೆ. ಪ್ಯಾಲೆಸ್ತೀನಿನ ಅದೇ ದಂಡಯಾತ್ರೆಯಲ್ಲಿ, ಬ್ರಿಟಿಷ್ ಜನರಲ್ ಅಲೆನ್‌ಬಿಯ ಅದೇ ಸೈನ್ಯದಲ್ಲಿ ಬ್ಲ್ಯಾಕ್ ವಾಚ್‌ನ ಎರಡನೇ ಬೆಟಾಲಿಯನ್ ಕೂಡ ಇತ್ತು. ಆ ಮೊದಲ ಮಹಾಯುದ್ಧದಲ್ಲಿ ರೆಜಿಮೆಂಟು ಕಳೆದುಕೊಂಡದ್ದು ಸುಮಾರು 8,000 ಮಂದಿಯನ್ನು. ಒಬ್ಬೊಬ್ಬರ ಹೆಸರೂ ಅಲ್ಲಿ ದಾಖಲಾಗಿದೆ. ನಮ್ಮ ಲ್ಯಾನ್ಸರುಗಳಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಅದರ ಮುಂದೆ ದಿನವೂ ಓಡಾಡುವವರಲ್ಲಿ ಎಷ್ಟು ಜನ ನಿಂತು ಹೆಸರು ಓದುತ್ತಾರೆ? ನಿಮ್ಮ ಶಿಷ್ಯರನ್ನೊಮ್ಮೆ ಕೇಳಿ ನೋಡಿ.

ಆದ್ದರಿಂದ ಸ್ಕಾಟ್ಲೆಂಡಿನ ಬಡವನಿಗೆ ಕೊಟ್ಟ ಪುಟಗಳನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಅವನೂ ನೆಲ ಕಳೆದುಕೊಂಡವನು. 73ನೇ ರೆಜಿಮೆಂಟಿನ ಗತಿಯನ್ನೇ ನೋಡಿ. ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಗಳಲ್ಲಿ ಅದೂ ಒಂದು. ಹತ್ತೇ ವರ್ಷದ ಮೇಲೆ, 1809ರಲ್ಲಿ, ಬೆಟ್ಟಸೀಮೆಯಿಂದ ಸಾಕಷ್ಟು ಜನ ಸಿಗುತ್ತಿಲ್ಲವೆಂದು ಅದರ ಕಿಲ್ಟನ್ನು ಕಸಿದುಕೊಂಡು ಆಸ್ಟ್ರೇಲಿಯಕ್ಕೆ ಕಳುಹಿಸಿದರು. ಒಕ್ಕಲುಗಳನ್ನು ಎಬ್ಬಿಸಿ ಕುರಿ ಬಿಟ್ಟ ಸೀಮೆಯಲ್ಲಿ ಜನ ಎಲ್ಲಿಂದ ಸಿಗಬೇಕು? 1881ರಲ್ಲಿ ಅದು ಮತ್ತೆ 42ರ ಜೊತೆ ಕೂಡಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 1948ರ ಫೆಬ್ರವರಿಯಲ್ಲಿ ಕರಾಚಿಯಿಂದ ಹಡಗು ಹತ್ತಿ ಪಾಕಿಸ್ತಾನ ಬಿಟ್ಟ ಕೊನೆಯ ಬ್ರಿಟಿಷ್ ಪಡೆ ಬ್ಲ್ಯಾಕ್ ವಾಚ್. 1997ರಲ್ಲಿ ಹಾಂಗ್‌ಕಾಂಗ್ ಒಪ್ಪಿಸುವಾಗಲೂ ಅದು ಅಲ್ಲಿತ್ತು. ಸ್ಕಾಟ್ಲೆಂಡಿನ ರೆಜಿಮೆಂಟುಗಳನ್ನೆಲ್ಲ ಒಂದುಗೂಡಿಸುವ ತೀರ್ಮಾನವನ್ನು 2004ರಲ್ಲಿ ಪ್ರಕಟಿಸಿದಾಗ ಇದರ ಸೈನಿಕರು ಇರಾಕಿನಿಂದ ಆಗಷ್ಟೇ ಹೊರಟಿದ್ದರು. ಜನ ಬೀದಿಗಿಳಿದು ವಿರೋಧಿಸಿದರು, ಪ್ರಯೋಜನವಾಗಲಿಲ್ಲ. 2006ರ ಮಾರ್ಚ್ 28ರಿಂದ ಅದು ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡಿನ ಮೂರನೇ ಬೆಟಾಲಿಯನ್. ಕೆಂಪು ಗರಿಯನ್ನು ಉಳಿಸಿಕೊಂಡಿದೆ. ಅದರ ವಸ್ತುಸಂಗ್ರಹಾಲಯ ಪರ್ತ್ ಪಟ್ಟಣದ ಬಲ್‌ಹೌಸಿ ಕ್ಯಾಸಲ್‌ನಲ್ಲಿದೆ. ನಿಮ್ಮ ಮಗಳು ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾರೆಂದು ಬರೆದಿದ್ದೀರಿ. ಅಲ್ಲಿಂದ ಪರ್ತ್‌ಗೆ ರೈಲಿದೆ. ಬಿಡುವಾದಾಗ ಅವರು ಹೋಗಿ, ಮಂಗಳೂರಿನ ಕೋಟೆಯೊಳಗಿದ್ದ ಸಿಪಾಯಿಗಳ ಬಗ್ಗೆ ಅಲ್ಲಿನವರು ಏನೇನು ಕಾದಿಟ್ಟಿದ್ದಾರೆಂದು ಕೇಳಿ ಬರೆಯಲಿ. ನೀವು ಪುತ್ತೂರು, ಬಂಟ್ವಾಳದ ಮನೆಗಳಲ್ಲಿ ಮುತ್ತಿಗೆಯ ಕಾಲದ ಮಾತು ಏನು ಉಳಿದಿದೆಯೆಂದು ವಿಚಾರಿಸಿ. ಇಬ್ಬರ ಬರಹವನ್ನೂ ಒಂದೇ ಸಂಚಿಕೆಯಲ್ಲಿ ಹಾಕುತ್ತೇನೆ, ಪುಟಗಳ ಮಿತಿ ಇಲ್ಲ.

— ಸಂ.