ಆನೆಗುಂದಿ ಕಡೆ ಬಯಲಲ್ಲಿ ಗಿಟಾರ್ ಆಂಪ್ ನಡೆಸೋಕೆ ಮನೆ ಯುಪಿಎಸ್ ಬ್ಯಾಟರಿ ಸಾಕಾಗುತ್ತಾ?

ನಿಮ್ಮ ಹತ್ರ ಇರೋದು 40 ವ್ಯಾಟಿನ ಟ್ರಾನ್ಸಿಸ್ಟರ್ ಗಿಟಾರ್ ಆಂಪ್, ಹಾಡೋರಿಗೆ 12 ಇಂಚಿನ ಒಂದು ಪವರ್ಡ್ ಬಾಕ್ಸ್ (ಒಳಗೇ ಆಂಪ್ಲಿಫೈಯರ್ ಇರೋ ಸ್ಪೀಕರ್), ಒಂದು ಸಣ್ಣ ಮಿಕ್ಸರ್. ಎರಡು ಗಂಟೆ ಕಾರ್ಯಕ್ರಮ, ಹತ್ತಿರದಲ್ಲಿ ಕರೆಂಟ್ ಇಲ್ಲ, ಜನರೇಟರ್ ಸದ್ದು ಬೇಡ ಅಂತೀರಿ. ಖಂಡಿತ ಆಗುತ್ತೆ. ಎಲ್ಲರೂ ಬ್ಯಾಟರಿ ಸಾಲುತ್ತೋ ಇಲ್ಲವೋ ಅಂತ ಯೋಚಿಸ್ತಾರೆ, ಆದರೆ ಇಂಥ ಕಡೆ ಕೈಕೊಡೋದು ಹೆಚ್ಚಾಗಿ ಇನ್ವರ್ಟರ್ ಮತ್ತು ವೈರು.

ಮೊದಲು ಲೆಕ್ಕ ನೋಡ್ರಿ. ಆಂಪ್ ಮೇಲೆ ಬರೆದ 40 ವ್ಯಾಟ್ ಸ್ಪೀಕರಿಗೆ ಹೋಗುವ ಶಕ್ತಿ, ಪ್ಲಗ್ಗಿನಿಂದ ಎಳೆಯುವುದು ಅಲ್ಲ. ಎಳೆಯುವುದು ಎಷ್ಟು ಅಂತ ಹಿಂಭಾಗದ ಪಟ್ಟಿಯಲ್ಲಿ ಇರುತ್ತೆ, ಪ್ಲಗ್ಗಿಗೆ ಹಚ್ಚುವ ವ್ಯಾಟ್ ಮೀಟರ್ ಸಿಕ್ಕರೆ ಇನ್ನೂ ಒಳ್ಳೇದು. ಬಾರಿಸುವಾಗ ಸರಾಸರಿ ಆಂಪಿಗೆ 60, ಬಾಕ್ಸಿಗೆ 60, ಮಿಕ್ಸರಿಗೆ 20 ಅಂತ ಹಿಡಿದರೆ 140 ವ್ಯಾಟ್. ಇನ್ವರ್ಟರ್ ತಾನೇ ಶೇ 15ರಷ್ಟು ತಿನ್ನೋದರಿಂದ ಬ್ಯಾಟರಿಯಿಂದ 165 ಹೋಗುತ್ತೆ. ಸೌಂಡ್ ಚೆಕ್ಕಿಗೆ ಅರ್ಧ ಗಂಟೆ ಸೇರಿಸಿ ಎರಡೂವರೆ ಗಂಟೆ ಅಂದರೆ ಸುಮಾರು 410 ವ್ಯಾಟ್-ಅವರ್ ಬೇಕು.

ಮನೆಯ 12 ವೋಲ್ಟ್ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತೆ. ಇಂಥ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಆಯಸ್ಸು ಕಡಿಮೆ, ಹಾಗಾಗಿ 900 ಅಂದುಕೊಳ್ಳಿ. ಧಾರಾಳ ಸಾಕು. ತೊಂದರೆ ಇರೋದು ಹೊರುವುದರಲ್ಲಿ. 50 ಕೆಜಿ ದಾಟುವ ತೂಕ, ಮೇಲೆ ಬಂಡೆಗಳ ನಡುವಿನ ದಾರಿಯಲ್ಲಿ ಟಾಟಾ ಏಸ್ ಕುಲುಕಿದರೆ ಆಸಿಡ್ ಚೆಲ್ಲುತ್ತೆ. ವರ್ಷಕ್ಕೆ ಒಂದೆರಡು ಸಲ ಆದರೆ ಅದನ್ನೇ ನೆಟ್ಟಗೆ ನಿಲ್ಲಿಸಿ, ಹಗ್ಗ ಕಟ್ಟಿ ತನ್ನಿ. ತಿಂಗಳು ತಿಂಗಳು ಬಾರಿಸೋರಾದರೆ 12.8 ವೋಲ್ಟ್ 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ತಗೊಳ್ಳಿ ಅನ್ನೋದು ನನ್ನ ಸಲಹೆ. ತೂಕ ಸುಮಾರು 12 ಕೆಜಿ, 1280 ವ್ಯಾಟ್-ಅವರಿನಲ್ಲಿ ಸಾವಿರದಷ್ಟು ನಿಶ್ಚಿಂತೆಯಿಂದ ಬಳಸಬಹುದು.

ಇನ್ವರ್ಟರ್ ಕಡ್ಡಾಯವಾಗಿ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೆ ನುಣುಪಾದ ಅಲೆ ಕೊಡುವಂಥದ್ದು ಇರಬೇಕು. ಕರೆಂಟ್ ಹೋದಾಗ ನಿಮ್ಮ ಮನೆ ಫ್ಯಾನು ಯುಪಿಎಸ್ ಮೇಲೆ ಗುಂಯ್ ಅನ್ನುತ್ತಾ? ಹಾಗಿದ್ದರೆ ಅದು ಬಹುಶಃ ಸ್ಕ್ವೇರ್ ವೇವ್. ಅದೇ ಗುಂಯ್ ಆಂಪಿನೊಳಗೆ ಬಂದು, ಗೇನ್ ಏರಿಸಿದಷ್ಟೂ ಜೋರಾಗುತ್ತೆ, ಟ್ರಾನ್ಸ್‌ಫಾರ್ಮರ್ ಕೂಡ ಬಿಸಿಯಾಗುತ್ತೆ. 140 ವ್ಯಾಟ್ ಲೋಡ್ ಅಂತ 200 ವ್ಯಾಟಿನದು ತರಬೇಡಿ, 600 ವ್ಯಾಟಿನದು ಬೇಕು. ಆಂಪ್ ಆನ್ ಮಾಡಿದ ಕ್ಷಣ ಟ್ರಾನ್ಸ್‌ಫಾರ್ಮರ್ ಹಲವು ಪಟ್ಟು ಹೆಚ್ಚು ಎಳೆಯುತ್ತೆ, ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್. ಒಂದೊಂದಾಗಿ ಆನ್ ಮಾಡಿ: ಮಿಕ್ಸರ್, ಆಂಪ್, ಕೊನೆಗೆ ಬಾಕ್ಸ್. ಆಫ್ ಮಾಡುವಾಗ ಬಾಕ್ಸ್ ಮೊದಲು.

ಈಗ ವೈರು. ಬ್ಯಾಟರಿಯಿಂದ ಇನ್ವರ್ಟರಿಗೆ ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತುಂಡು ಹಚ್ಚಿದಿರಿ, ದೂರ 2 ಮೀಟರ್ ಅಂದುಕೊಳ್ಳಿ. ಜೋರಾಗಿ ಬಾರಿಸಿದಾಗ 30 ಆಂಪಿಯರ್ ಹರಿದರೆ ಹೋಗಿ ಬರುವ 4 ಮೀಟರ್ ತಂತಿಯಲ್ಲೇ 1.4 ವೋಲ್ಟ್ ಕಳೆದುಹೋಗುತ್ತೆ. ಬ್ಯಾಟರಿಯಲ್ಲಿ 12 ಇದ್ದರೂ ಇನ್ವರ್ಟರಿಗೆ ಕಾಣೋದು 10.6. ಬಹಳಷ್ಟು ಇನ್ವರ್ಟರ್‌ಗಳು 10.5ರ ಸುಮಾರಿಗೆ ಬ್ಯಾಟರಿ ಖಾಲಿ ಅಂತ ಕೂಗಿ ಬಂದ್ ಆಗುತ್ತವೆ. ಹಾಡಿನ ಜೋರಾದ ಭಾಗದಲ್ಲೇ ಯಾಕೆ ನಿಲ್ಲುತ್ತೆ ಅಂದರೆ ಇದಕ್ಕೇ. 16 ಸ್ಕ್ವೇರ್ ಎಂಎಂ ತಾಮ್ರದ ವೈರು ಒಂದು ಮೀಟರ್ ಒಳಗೆ ಇರಲಿ, ತುದಿಗೆ ಲಗ್ (ನಟ್ಟಿನಡಿ ಕೂರುವ ಲೋಹದ ಉಂಗುರ) ಒತ್ತಿಸಿ ನಟ್ಟು ಬಿಗಿ ಮಾಡಿ. ಕಚ್ಚುವ ಕ್ಲಿಪ್ ಬೇಡ, ಸಡಿಲಾಗಿ ಬಿಸಿಯಾಗುತ್ತೆ. ಪ್ಲಸ್ ಟರ್ಮಿನಲ್ಲಿನ ಪಕ್ಕದಲ್ಲೇ 80 ಆಂಪಿಯರ್ ಫ್ಯೂಸ್ ಇರಲೇಬೇಕು. ಶಾರ್ಟ್ ಆದರೆ ಈ ಬ್ಯಾಟರಿ ನೂರಾರು ಆಂಪಿಯರ್ ಕೊಡುತ್ತೆ, ವೈರು ಕೆಂಪಗೆ ಕಾಯುತ್ತೆ. ದೂರ ಬೇಕಾದರೆ 230 ವೋಲ್ಟಿನ ಕಡೆ ಎಕ್ಸ್‌ಟೆನ್ಷನ್ ಉದ್ದ ಮಾಡಿ, ಗಿಟಾರ್ ಇನ್ವರ್ಟರಿಂದ ಮೂರು ಮೀಟರ್ ದೂರ ಇರಲಿ. ಸಿಂಗಲ್ ಕಾಯಿಲ್ ಪಿಕಪ್ ಅದರ ಸಿಳ್ಳೆಯನ್ನು ಹಿಡಿದುಬಿಡುತ್ತೆ.

ಎಲ್ಲವನ್ನೂ ಒಂದೇ ಇನ್ವರ್ಟರಿಗೆ, ಒಂದೇ ಬೋರ್ಡಿಗೆ ಹಚ್ಚಿ. ಆಂಪ್ ಬ್ಯಾಟರಿ ಮೇಲೆ, ಮೈಕು ಬೇರೆಯವರ ಜನರೇಟರ್ ಮೇಲೆ ಆದರೆ ಎರಡರ ಅರ್ಥಿಂಗ್ ಬೇರೆಯಾಗಿ, ಗಿಟಾರಿನ ತಂತಿ ಹಿಡಿದು ಮೈಕಿಗೆ ಬಾಯಿ ತಾಗಿಸಿದವರಿಗೆ ಶಾಕ್ ಹೊಡೆಯಬಹುದು. ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥಿಂಗ್ ಪಿನ್, ಮುರಿಯಲೇಬೇಡಿ. ಹೊಳೆ ದಂಡೆಯ ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾರಿಸುವುದೂ ಬೇಡ.

ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರೋ ಆಂಪ್ ತರೋ ಯೋಚನೆ ಇದ್ದರೆ ಬಿಟ್ಟುಬಿಡಿ. ಬಾರಿಸಲಿ ಬಿಡಲಿ ಅದರ ಹೀಟರ್ ಉರಿಯುತ್ತಲೇ ಇರುತ್ತೆ, ಒಂದು ಇಎಲ್34 ವಾಲ್ವಿನ ಹೀಟರಿಗೇ ಸುಮಾರು 9.5 ವ್ಯಾಟ್. ಪ್ರಚಾರದ ಆಟೋಗಳಲ್ಲಿ ಇರೋ 12 ವೋಲ್ಟಿನ ಅಹುಜಾ ಆಂಪ್ಲಿಫೈಯರಿಗೆ ಇನ್ವರ್ಟರೇ ಬೇಡ ನಿಜ, ಆದರೆ ಗಿಟಾರನ್ನು ನೇರ ಅದರ ಮೈಕ್ ಇನ್‌ಪುಟ್ಟಿಗೆ ಹಚ್ಚಿದರೆ ದನಿ ಮಂಕಾಗುತ್ತೆ. ನಡುವೆ ಮಲ್ಟಿ-ಎಫೆಕ್ಟ್ ಪೆಡಲ್ ಇರಲಿ, ಹಾರ್ನ್ ಬದಲು ಬಾಕ್ಸ್ ಸ್ಪೀಕರ್ ಇರಲಿ. ಬರೀ ಇಪ್ಪತ್ತು ಮೂವತ್ತು ಜನರ ಮುಂದೆ ಆದರೆ ಇದ್ಯಾವುದೂ ಬೇಡ, 8 ಎಎ ಸೆಲ್ಲಿನ ಮೇಲೆ ಓಡುವ ರೋಲ್ಯಾಂಡ್ ಕ್ಯೂಬ್ ಸ್ಟ್ರೀಟ್ ಇಎಕ್ಸ್ ಸಾಕು. ಸದ್ದು ಸಾಲದಿದ್ದರೆ ವ್ಯಾಟ್ ಹಿಂದೆ ಓಡಬೇಡಿ. ವ್ಯಾಟ್ ಇಮ್ಮಡಿ ಆದರೂ ಏರುವುದು 3 ಡೆಸಿಬೆಲ್ ಮಾತ್ರ. ಆಂಪನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲೆ, ಕಿವಿಯ ಕಡೆ ವಾಲಿಸಿ ಇಡಿ, ಬೆನ್ನಿಗೆ ದೊಡ್ಡ ಬಂಡೆ ಸಿಕ್ಕರೆ ಕೆಳಸ್ವರ ತುಂಬಿ ಬರುತ್ತೆ.

ಬಿಸಿಲಿನ ಮಾತು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಬ್ಯಾಟರಿ, ಇನ್ವರ್ಟರ್ ಎರಡೂ ನೆರಳಲ್ಲಿ ಇರಲಿ, ಇನ್ವರ್ಟರ್ ಫ್ಯಾನಿಗೆ ಬಟ್ಟೆ ಅಡ್ಡ ಬರಬಾರದು. ಲಿಥಿಯಂ ಫಾಸ್ಫೇಟಿಗೆ ಚಾರ್ಜ್ ಮಾಡುವ ಮಿತಿ ಸಾಮಾನ್ಯವಾಗಿ 45 ಡಿಗ್ರಿ, ಹಾಗಾಗಿ ಮನೆಗೆ ಬಂದು ಬ್ಯಾಟರಿ ತಣ್ಣಗಾದ ಮೇಲೆ, ಅದರದೇ 14.6 ವೋಲ್ಟ್ ಚಾರ್ಜರಿಗೆ ಹಾಕಿ. ಸೀಸದ ಬ್ಯಾಟರಿಯನ್ನು ಮಾತ್ರ ಅದೇ ರಾತ್ರಿ ಯುಪಿಎಸ್ಸಿಗೆ ಹಚ್ಚಿಬಿಡಿ, ಇಳಿದ ಸ್ಥಿತಿಯಲ್ಲಿ ದಿನಗಟ್ಟಲೆ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಪೂರ್ತಿ ಚಾರ್ಜ್ ಹಿಡಿಯೋದಿಲ್ಲ.