ಕೊನೇ ಮಿಷನ್ ಆಯ್ತು, ಆದ್ರೆ ಗೇಮ್ ಮುಗೀತಾ?

ನಿಮ್ಮ ಪ್ರಶ್ನೆ ಇದು: ಜಿಟಿಎ ವೈಸ್ ಸಿಟಿ ಅನ್ನೋ ವಿಡಿಯೋ ಗೇಮ್‌ನ ಕೊನೇ ಮಿಷನ್ ಗೆದ್ದಿದ್ದೀರಿ, ತೆರೆಯ ಮೇಲೆ ಹೆಸರುಗಳೂ ಓಡಿವೆ. ಆದರೆ ಮೆನುವಿನಲ್ಲಿ ನೂರು ಪರ್ಸೆಂಟ್ ಬಂದಿಲ್ಲ. ಅದಕ್ಕೇ ಗೆಳೆಯ ‘ನೀನು ಮುಗಿಸೇ ಇಲ್ಲ’ ಅಂತಿದ್ದಾನೆ. ಯಾರು ಸರಿ?

ನೀವೇ ಸರಿ. ಆದರೆ ಹೆಸರು ಓಡಿತು ಅನ್ನೋ ಕಾರಣ ಸಾಲದು.

ನಾನು ನೋಡೋದು ಒಂದೇ. ಇನ್ನೂ ಉಳಿದಿರುವ ಕೆಲಸ ನನ್ನಿಂದ ಹೊಸದೇನಾದರೂ ಕೇಳುತ್ತಿದೆಯಾ, ಇಲ್ಲಾ ಮಾಡಿದ್ದನ್ನೇ ಮತ್ತೆ ಮಾಡು ಅನ್ನುತ್ತಿದೆಯಾ? ಹೊಸದು ಕೇಳುತ್ತಿದ್ದರೆ ಗೇಮ್ ಮುಗಿದಿಲ್ಲ. ಕೇಳೋದು ನಿಂತಿದ್ದರೆ ಮೀಟರ್ ಎಷ್ಟೇ ತೋರಿಸಲಿ, ಮುಗಿದ ಹಾಗೇ.

ವೈಸ್ ಸಿಟಿ ಬಂದಿದ್ದು 2002ರಲ್ಲಿ. ನಮ್ಮ ಕಡೆ ಅದನ್ನು ಆಡಿದ ಎಷ್ಟೋ ಜನರಿಗೆ ಅದರಲ್ಲೊಂದು ಕಥೆ ಇದೆ ಅನ್ನೋದೇ ಗೊತ್ತಿಲ್ಲ. ಸೈಬರ್ ಸೆಂಟರ್‌ನಲ್ಲಿ ಗಂಟೆಗಿಷ್ಟು ಅಂತ ದುಡ್ಡು, ಮಿಷನ್ ಮಾಡುತ್ತಾ ಕೂರೋಕೆ ಯಾರಿಗೆ ಪುರುಸೊತ್ತು? ‘ಪ್ಯಾಂಜರ್’ ಅಂತ ಕೀಬೋರ್ಡ್ ಕುಟ್ಟಿದರೆ ಟ್ಯಾಂಕ್, ‘ಲೀವ್ ಮಿ ಅಲೋನ್’ ಅಂತ ಕುಟ್ಟಿದರೆ ಪೊಲೀಸರು ಮಾಯ. ಅದೂ ಒಂದು ಮಜಾ, ಇಲ್ಲ ಅನ್ನಲ್ಲ.

ಆದರೆ ಕಥೆ ಹಿಡಿದು ಹೋದವರಿಗೆ ಒಂದು ಜಾಗ ಚೆನ್ನಾಗಿ ನೆನಪಿರುತ್ತದೆ. ಡಯಾಜ್ ಅನ್ನೋ ಡ್ರಗ್ಸ್ ದೊರೆಯನ್ನು ಮುಗಿಸಿದಮೇಲೆ ಅವನ ಬಂಗಲೆ ಗೇಮಿನ ನಾಯಕ ಟಾಮಿಯ ಕೈಗೆ ಬರುತ್ತದೆ. ಅಲ್ಲಿ ಕೆಲವು ಮಿಷನ್ ಆದಮೇಲೆ ಬಂಗಲೆಯ ಗುರುತೇ ಮ್ಯಾಪಿನಿಂದ ಮಾಯ. ಮುಂದೇನು ಅಂತ ಗೇಮ್ ಬಿಡಿಸಿ ಹೇಳುವುದಿಲ್ಲ. ಟ್ಯಾಕ್ಸಿ ಕಂಪನಿ, ಕಾರ್ ಶೋರೂಮ್, ಐಸ್‌ಕ್ರೀಮ್ ಕಾರ್ಖಾನೆ ಅಂತ ಒಂದೊಂದೇ ವ್ಯವಹಾರ ಕೊಂಡು, ಅವುಗಳ ಮಿಷನ್ ಮಾಡಿ ಲಾಭಕ್ಕೆ ತರಬೇಕು. ಅದರಲ್ಲಿ ಪ್ರಿಂಟಿಂಗ್ ಪ್ರೆಸ್ ಇರಲೇಬೇಕು. ಅಲ್ಲಿವರೆಗೆ ಯಾರೋ ಫೋನ್ ಮಾಡಿ ಹೇಳಿದ ಕೆಲಸ ಮಾಡುತ್ತಿದ್ದವನು ಈಗ ತಾನೇ ಧಣಿಯಾಗಬೇಕು. ಕೊನೇ ಮಿಷನ್‌ನಲ್ಲಿ ಟಾಮಿಯ ಹಳೇ ಬಾಸ್ ಸನ್ನಿ ಫೊರೆಲ್ಲಿ ದುಡ್ಡು ವಸೂಲಿಗೆ ಬಂದಾಗ ಟಾಮಿ ಅವನ ಮುಂದಿಡೋದು ಖೋಟಾ ನೋಟು, ಅದೇ ಪ್ರೆಸ್ಸಿನದು. ಜೊತೆಗಿದ್ದ ಲ್ಯಾನ್ಸ್ ಅಲ್ಲೇ ತಿರುಗಿ ಬೀಳುತ್ತಾನೆ, ಮಹಡಿವರೆಗೂ ಅಟ್ಟಿಸಿಕೊಂಡು ಹೋಗಬೇಕು. ಇದಾದಮೇಲೆ ನಿಮ್ಮಿಂದ ಕಥೆಗೆ ಬೇಕಾಗಿದ್ದು ಏನೂ ಉಳಿದಿಲ್ಲ.

ಈಗ ನಿಮ್ಮ ಗೆಳೆಯನ ಪಟ್ಟಿ ನೋಡೋಣ. ನೂರು ಪರ್ಸೆಂಟಿಗೆ 100 ಗುಪ್ತ ಪ್ಯಾಕೇಜ್, 35 ರ‍್ಯಾಂಪೇಜ್ (ಕೊಟ್ಟ ಸಮಯದಲ್ಲಿ ಇಷ್ಟು ಅಂತ ಹೊಡೆದುರುಳಿಸೋದು), 36 ಜಂಪ್ (ಗಾಡಿಯಲ್ಲಿ ಹಾರೋದು), 15 ಅಂಗಡಿ ದರೋಡೆ, ಇನ್ನೂ ಏನೇನೋ ಬೇಕು. ಇದರಲ್ಲಿ ಜಂಪ್‌ಗಳಿಗೆ ನನ್ನ ಮತ ಇದೆ. ಎಲ್ಲಿಂದ ಓಡಿಬರಬೇಕು, ಯಾವ ಬೈಕ್ ತರಬೇಕು ಅಂತ ಪ್ರತಿ ಸಲ ಲೆಕ್ಕ ಹಾಕಬೇಕು. ಪ್ಯಾಕೇಜ್‌ಗಳು? ಹಸಿರು ಬೊಂಬೆ ಎಲ್ಲಿದೆ ಅಂತ ಮೊಬೈಲಿನಲ್ಲಿ ಮ್ಯಾಪ್ ತೆಗೆದಿಟ್ಟುಕೊಂಡು ಸುಮ್ನೆ ಹೆಕ್ಕುವುದು. ಅಂಗಡಿ ದರೋಡೆ ಅಂದರೆ ಗನ್ ಹಿಡಿದು ಕಾಯುವುದು. ಒಂದು ಮಾಡಿದರೆ ಹದಿನೈದೂ ಮಾಡಿದ ಹಾಗೆ.

ಇಷ್ಟೆಲ್ಲ ಮಾಡಿದವರಿಗೆ ಸಿಗೋದೇನು ಗೊತ್ತಾ? ಒಂದು ಟೀ ಶರ್ಟ್. ‘ವೈಸ್ ಸಿಟಿ ಮುಗಿಸಿದೆ, ಸಿಕ್ಕಿದ್ದು ಈ ದರಿದ್ರ ಟೀ ಶರ್ಟ್ ಅಷ್ಟೇ’ ಅನ್ನೋ ಅರ್ಥದ ಸಾಲು ಅದರ ಮೇಲಿದೆ. ಮಾಡಿದವರೇ ಕಾಲೆಳೆಯುತ್ತಿದ್ದಾರೆ! ಜೊತೆಗೆ ಮುಗಿಯದ ಗುಂಡು, ಎರಡು ಪಟ್ಟು ಗಟ್ಟಿ ಗಾಡಿ, ಬಾಡಿಗೆಗೆ ಬಾಡಿಗಾರ್ಡ್‌ಗಳು. ಹೊಡೆದಾಡೋಕೆ ಕಥೆಯಲ್ಲಿ ಯಾರೂ ಉಳಿಯದಿದ್ದಾಗ. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

2017ರ ಜೆಲ್ಡಾ ಗೇಮ್, ‘ಬ್ರೆತ್ ಆಫ್ ದಿ ವೈಲ್ಡ್’, ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ 900 ಕೊರೊಕ್ ಬೀಜ ಬಚ್ಚಿಟ್ಟಿದ್ದಾರೆ. ಎಲ್ಲವನ್ನೂ ಹುಡುಕಿ ತಂದುಕೊಟ್ಟರೆ ಬಹುಮಾನವಾಗಿ ಬರೋದು ಚಿನ್ನದ ಬಣ್ಣದ, ಸುರುಳಿ ಸುತ್ತಿದ ಹೇಲಿನ ಆಕಾರದ ಒಂದು ವಸ್ತು. ನಮ್ಮ ಮಾತು ಕೇಳಿ, ಎಲ್ಲಾ ಹುಡುಕಬೇಡಿ ಅಂತ ಗೇಮ್ ಮಾಡಿದವರು ಇದಕ್ಕಿಂತ ಬಿಡಿಸಿ ಹೇಳೋಕಾಗುತ್ತಾ?

ಹಾಗಂತ ಕಥೆ ಮುಗಿದರೆ ಎಲ್ಲಾ ಮುಗೀತು ಅಂತಲೂ ಅಲ್ಲ. ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ಹಳೇ ಮಾರಿಯೋ ನೆನಪಿದೆಯಾ, 1985ರದು? ಒಟ್ಟು 32 ಲೆವೆಲ್. 1-2ರ, ಅಂದರೆ ಒಂದನೇ ಲೋಕದ ಎರಡನೇ ಲೆವೆಲ್‌ನ, ಕೊನೆಯಲ್ಲಿ ಚಾವಣಿ ಮೇಲೆ ಓಡಿದರೆ ನಾಲ್ಕನೇ ಲೋಕಕ್ಕೆ ಪೈಪ್, 4-2ರಲ್ಲಿ ಬಳ್ಳಿ ಹತ್ತಿದರೆ ಎಂಟಕ್ಕೆ ಪೈಪ್. ಎಂಟೇ ಲೆವೆಲ್ ಆಡಿ ರಾಜಕುಮಾರಿಯನ್ನು ಬಿಡಿಸಿಕೊಂಡು ಬರಬಹುದು. ಇದನ್ನು ನಾನು ಗೆಲುವು ಅಂತೀನಿ, ಮುಗಿಸಿದ್ದು ಅನ್ನಲ್ಲ. ಯಾಕಂದರೆ ಆಡದೆ ಬಿಟ್ಟ 24ರಲ್ಲಿ ಹೊಸ ಪೇಚುಗಳಿವೆ. 4-4, 7-4ರಲ್ಲಿ ದಾರಿ ತಪ್ಪಿದರೆ ಅದೇ ಜಾಗ ಮತ್ತೆ ಮತ್ತೆ ಬರುತ್ತದೆ, ಅಂಥವು. ರಾಜಕುಮಾರಿ ಸಿಕ್ಕಮೇಲೂ ‘ಇನ್ನೊಂದು ಸಾಹಸ ಇದೆ’ ಅಂತ ಗೇಮ್ ಹೇಳುತ್ತದೆ. ಅದರಲ್ಲಿ ಗೂಂಬಾ ಅನ್ನೋ ಅಣಬೆಯಂಥ ಶತ್ರುಗಳ ಜಾಗದಲ್ಲಿ ಬೆಂಕಿ ಉಂಡೆಗೂ ಸಾಯದ ಚಿಪ್ಪಿನ ಹುಳುಗಳು. ಬೆಂಕಿ ನಂಬಿಕೊಂಡು ಬಂದವರು ಆಟದ ರೀತಿಯನ್ನೇ ಬದಲಿಸಬೇಕು. ಇಲ್ಲಿ ನಿಮ್ಮ ಗೆಳೆಯನಂಥವರು ‘ಮುಗಿದಿಲ್ಲ’ ಅಂದರೆ ನಾನು ಅವರ ಪಕ್ಷ.

ಕೊನೆಯೇ ಇಲ್ಲದ ಗೇಮ್‌ಗಳದ್ದು ಬೇರೆ ಕಥೆ. ನಿಂಟೆಂಡೊದ 1989ರ ಟೆಟ್ರಿಸ್‌ನಲ್ಲಿ 29ನೇ ಲೆವೆಲ್ ದಾಟೋಕಾಗಲ್ಲ ಅಂತ ಜನ ಬಹಳ ಕಾಲ ನಂಬಿದ್ದರು. ಇಟ್ಟಿಗೆ ಬೀಳುವ ವೇಗಕ್ಕೆ ಬಟನ್ ಒತ್ತಿ ಮುಗಿಯುತ್ತಿರಲಿಲ್ಲ. ಆಮೇಲೆ ಕಂಟ್ರೋಲರ್‌ನ ಹಿಂಬದಿಯನ್ನು ಬೆರಳುಗಳಿಂದ ಸಾಲಾಗಿ ತಟ್ಟುವ ಉಪಾಯ ಬಂತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗ ಆಡುತ್ತಾ ಆಡುತ್ತಾ 157ನೇ ಲೆವೆಲ್‌ನಲ್ಲಿ ಗೇಮನ್ನೇ ಕ್ರ್ಯಾಶ್ ಮಾಡಿಸಿದ. ಟೆಟ್ರಿಸ್ ಮುಗಿಸಿದ ಮೊದಲ ಮನುಷ್ಯ ಅಂತ ಪೇಪರಿನಲ್ಲೆಲ್ಲಾ ಬಂತು. ಮರುವರ್ಷವೇ ಇನ್ನೊಬ್ಬ ಹುಡುಗ ಕ್ರ್ಯಾಶ್ ಆಗದ ಹಾಗೆ ತಿದ್ದಿದ ಅದೇ ಗೇಮನ್ನು ಆಡಿ 255 ದಾಟಿದ, ಲೆವೆಲ್ ಮತ್ತೆ ಸೊನ್ನೆಗೆ ಬಂತು! ಮುಗೀತು ಅಂದುಕೊಂಡಿದ್ದ ಗೇಮ್ ಇನ್ನೂ ಏನೋ ಕೇಳುತ್ತಿತ್ತು ಅಲ್ವಾ?

ನೂರು ಪರ್ಸೆಂಟ್ ಹುಚ್ಚಿಗೆ ಕನ್ಸೋಲ್ ಕಂಪನಿಗಳ ಪಾಲೂ ಇದೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಇಂತಿಂಥದ್ದು ಮಾಡಿದರೆ ಬಿರುದು ಕೊಡುವ ಅಚೀವ್‌ಮೆಂಟ್ ತಂದಿತು, 2008ರಲ್ಲಿ ಪ್ಲೇಸ್ಟೇಷನ್ ಟ್ರೋಫಿ ತಂದಿತು. ಅಲ್ಲಿಂದ ಆಟದ ಲೆಕ್ಕ ಬೇರೆಯವರಿಗೂ ಕಾಣುವ ಹಾಗಾಯ್ತು. ತೋರಿಸಿಕೊಳ್ಳೋಕೆ ಆಡುವವರು ಆಡಲಿ, ತಪ್ಪೇನಿಲ್ಲ.

ನಿಮಗೆ ವೈಸ್ ಸಿಟಿ ಇನ್ನೂ ಸ್ವಲ್ಪ ಆಡಬೇಕು ಅನ್ಸಿದರೆ ಪ್ಯಾಕೇಜ್ ಬಿಟ್ಟು ಪಿಜ್ಜಾ ಕೆಲಸ ಹಿಡಿಯಿರಿ. ಪಿಜ್ಜಾ ಅಂಗಡಿ ಹೊರಗೆ ನಿಂತಿರುವ ಸ್ಕೂಟರ್ ಹತ್ತಿ, ಓಡುತ್ತಲೇ ಪಕ್ಕಕ್ಕೆ ಪಿಜ್ಜಾ ಎಸೆಯಬೇಕು. ಹತ್ತೂ ಲೆವೆಲ್ ಒಂದೇ ಸಲಕ್ಕೆ ಆಗಬೇಕು. ಹಾಗೆ ಮುಗಿಸಿದರೆ ಹೆಲ್ತ್ 150 ಆಗುತ್ತದೆ. ಕೊನೇ ಮಿಷನ್‌ಗೆ ಮುಂಚಿನ ಹಳೇ ಸೇವ್ ಇದ್ದರೆ ಅದರಲ್ಲೇ ಮಾಡಿ, ಸನ್ನಿಯ ಕಡೆಯವರು ಬಂಗಲೆಗೆ ನುಗ್ಗಿದಾಗ ಉಪಯೋಗಕ್ಕೆ ಬರುತ್ತದೆ.